ಕಿವಿಯೊಳಗಿನ ದಾರ

ಹಿಮಾಯತ್‌ನಗರದ ಆ ಮ್ಯಾಚಿಂಗ್ ಸೆಂಟರ್‌ಗೆ ಅನುರಾಧಾ ಹೋಗಿದ್ದು ಅದು ಮೂರನೆಯ ಸಲ. ಮೊದಲ ಸಲ ಸೀರೆಗೆ ಫಾಲ್ ಬೇಕಿತ್ತು. ಎರಡನೆಯ ಸಲ ಲೈನಿಂಗ್ ಬಟ್ಟೆ. ಈ ಸಲ ಏನು ಬೇಕೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಬಣ್ಣ ಹೊಂದಿಸಿಕೊಡುವವಳು ಶೈಲಾ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಅನುರಾಧಾಳ ತಮ್ಮ ರಾಹುಲನಿಗೂ ಹಾಗೇ. ಹಾಗಾಗಿ ಕೈಸನ್ನೆ ಅವಳಿಗೆ ಚೆನ್ನಾಗಿ ಬರುತ್ತಿತ್ತು; ಮೊದಲ ದಿನವೇ ಅವಳೂ ಶೈಲಾಳೂ ಸನ್ನೆಯಲ್ಲಿ ಹರಟೆಗೆ ಕೂತಿದ್ದರು. ಅನುರಾಧಾ ಬಾಯಿ ತೆರೆಯುವ ಪ್ರಸಂಗವೇ ಬಂದಿರಲಿಲ್ಲ.

ಶೈಲಾಳ ಅಣ್ಣ ಸೂರ್ಯಕಾಂತ ಆಚೆ ಬದಿ ಬಟ್ಟೆ ಮಡಿಸುತ್ತಾ, ಕಲಬುರಗಿಯ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಈ ತೆಲುಗು ಊರಿನಲ್ಲಿ ಕನ್ನಡ ಯಾರಿಗೆ ತಿಳಿದೀತೆಂದು ದನಿ ತಗ್ಗಿಸುವ ಗೋಜಿಗೇ ಹೋಗಿರಲಿಲ್ಲ.

"ಹೂನಪಾ, ಮತ್ತ ಬಂದಾಳ. ನಮ್ಮ ಶೈಲಾನಂಗ ಆಕಿಗೂ ಕಿವಿ ಕೇಳ್ಸೂದಿಲ್ಲ. ಆದ್ರ ಏನ್ ಕಣ್ಣಪಾ ಅವು! ಆಕಿ ಹೋದ ಮ್ಯಾಲ ತಾಸಗಟ್ಲೆ ನನಗ ಯಾವ ಬಣ್ಣಾನೂ ಬಣ್ಣ ಅನಸೂದಿಲ್ಲ."

ಅನುರಾಧಾ ಕೈಯಲ್ಲಿದ್ದ ಬ್ಲೌಸ್ ಪೀಸ್ ಕೆಳಗಿಟ್ಟು ನಿಧಾನವಾಗಿ ತಿರುಗಿದಳು.

"ಕಿವಿ ಛಲೋ ಕೇಳಸ್ತಾವ್ರಿ ನನಗ. ಕನ್ನಡಾನೂ ತಿಳೀತೈತಿ. ವಿಜಯಪುರದಾಕಿ ನಾನು."

ಸೂರ್ಯಕಾಂತನ ಕಿವಿಯ ತುದಿ ಕೆಂಪಾಯಿತು. ಫೋನು "ಹಲೋ, ಹಲೋ" ಎನ್ನುತ್ತಲೇ ಇತ್ತು. ಏನಾಯಿತೆಂದು ಶೈಲಾ ಕೇಳಿದಳು, ಅನುರಾಧಾ ಸನ್ನೆಯಲ್ಲೇ ಹೇಳಿದಳು. ಶೈಲಾ ನಕ್ಕ ರಭಸಕ್ಕೆ ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಆಮೇಲೆ ಅನುರಾಧಾಳ ಸೀರೆಗಳಿಗೆಲ್ಲ ಏನಾದರೊಂದು ಕಡಿಮೆ ಬೀಳತೊಡಗಿತು.

ಅವಳು ಉಪ್ಪಲ್‌ನ ಒಂದು ಲ್ಯಾಬಿನಲ್ಲಿ ಸಂಶೋಧಕಿ. ಅಲ್ಲಿ ಏನು ಮಾಡುತ್ತೀರಿ ಎಂದು ಸೂರ್ಯಕಾಂತ ಒಮ್ಮೆ ಕೇಳಿದ. ಅವಳು ಅಂಗಡಿಯ ಎರಡು ಸೂಜಿಗಳನ್ನು ಪುಟ್ಟ ಸೂಜಿದಿಂಬಿಗೆ ನೆಟ್ಟಗೆ ಚುಚ್ಚಿ, ಒಂದರ ತುದಿಯಿಂದ ಇನ್ನೊಂದಕ್ಕೆ ದಾರ ಕಟ್ಟಿದಳು.

"ಕಿವಿ ಒಳಗ ಇಂಥಾ ಸಣ್ಣ ಸಣ್ಣ ಕೂದಲಿನಂಥವು ಇರ್ತಾವ. ಸಪ್ಪಳ ಬಂದ್ರ ಬಾಗ್ತಾವ. ಬಾಗಿದ್ರ ಈ ದಾರ ಜಗ್ಗತೈತಿ. ದಾರ ಅಂದ್ರ ಒಂದು ಪ್ರೋಟೀನು. ಅದು ಜಗ್ಗಿದ ಕೂಡ್ಲೆ ತುದಿಯೊಳಗ ಒಂದು ಬಾಗಿಲಾ ತೆರೀತೈತಿ. ಆ ಬಾಗಿಲಾ ಇನ್ನೊಂದು ಪ್ರೋಟೀನು. ಅಲ್ಲಿಂದ ಕರೆಂಟ್ ಆಗಿ ಮಿದುಳಿಗೆ ಸುದ್ದಿ ಹೋಗತೈತಿ."

"ಇಷ್ಟರಾಗ ಕೇಳಸ್ತೈತೇನ್ರಿ?"

"ಕೇಳಸೂದಷ್ಟ ಅಲ್ರಿ. ತಲಿ ತಿರುಗಿಸಿದಾಗ್ಲೂ ಇಂಥಾವ ದಾರ ಜಗ್ಗತಾವ. ಅದಕ್ಕ ನೀವು ತೋಲ ತಪ್ಪದಂಗ ನಿಂತೀರಿ."

ಅವನು ದಾರದಿಂದ ಕಣ್ಣೆತ್ತಿ ಅವಳನ್ನು ನೋಡಿದ. "ಎಲ್ಲಿ ನಿಂತೀನ್ರಿ? ನೀವು ಬಂದ ದಿನಾ ನನ್ನ ದಾರೆಲ್ಲಾ ಕೆಲಸಾ ಬಿಡ್ತಾವ."

ಐದು ತಿಂಗಳಾದ ಮೇಲೆ, ಸಂಜೆಯ ಕಿಕ್ಕಿರಿದ ಮೆಟ್ರೊದಲ್ಲಿ ಒಂದೇ ಕಂಬ ಹಿಡಿದು ನಿಂತಿದ್ದಾಗ, ಅವನು ಕೇಳಿಯೇಬಿಟ್ಟ.

"ನನ್ನ ಮದಿವಿ ಆಗ್ತೀರೇನ್ರಿ?"

ಎಷ್ಟು ದಿನದಿಂದ ಕಾದಿದ್ದ ಮಾತು! ಆದರೆ ಅವಳ ಬಾಯಿಂದ ಬಂದದ್ದು ಬೇರೆ. "ಮೊದಲ ಒಂದು ರಕ್ತ ಪರೀಕ್ಷೆ ಮಾಡ್ಸೋಣ್ರಿ. ನಿಮ್ಮನ್ಯಾಗ ಶೈಲಾ, ನಮ್ಮನ್ಯಾಗ ರಾಹುಲ. ಇಬ್ಬರದೂ ಒಂದ ಪ್ರೋಟೀನು ಕೆಟ್ಟಿದ್ರ..."

"ಕೆಟ್ಟಿದ್ರ? ಶೈಲಾನಂಥಾ ಕೂಸು ಹುಟ್ಟತೈತಿ ಅಂತ ಹೆದರಿಕೇನು?"

ಅವನ ದನಿ ತಣ್ಣಗಾಗಿತ್ತು. ಮುಂದಿನ ಸ್ಟೇಷನ್‌ನಲ್ಲಿ ಇಳಿದು ಹೋಗಿಬಿಟ್ಟ. ಅದು ಅವನ ಸ್ಟೇಷನ್ ಆಗಿರಲಿಲ್ಲ.

ಹದಿನೈದು ದಿನ ಫೋನಿಲ್ಲ, ಮೆಸೇಜಿಲ್ಲ. ಅನುರಾಧಾ ಮೈಕ್ರೊಸ್ಕೋಪಿನ ಮುಂದೆ ಕೂತರೂ ಏನೂ ಕಾಣಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಲ್ಯಾಬಿನ ಗೇಟಿನಲ್ಲಿ ಶೈಲಾ ನಿಂತಿದ್ದಳು. ನೇರವಾಗಿ ಕೈಯೆತ್ತಿ ಕೇಳಿದಳು: ನನ್ನಂಥವಳು ಮನೆಯಲ್ಲಿ ಹುಟ್ಟಿದರೆ ನಿನಗೆ ಅಷ್ಟು ಕಷ್ಟವಾ?

ಅನುರಾಧಾ ಯಾರಿಗೂ ಹೇಳದಿದ್ದುದನ್ನು ಅವತ್ತು ಹೇಳಿದಳು. ರಾಹುಲ ಹುಟ್ಟಿದಾಗಿನಿಂದ ಮನೆಯ ಹಿರಿಯರೆಲ್ಲ ಅವ್ವನ ಕಡೆಗೇ ಬೆರಳು ಮಾಡಿದ್ದರು, ನಿನ್ನ ರಕ್ತದ ದೋಷ ಎಂದು. ಅವ್ವ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಳು. ಇಪ್ಪತ್ತೆರಡು ವರ್ಷ ತಲೆ ತಗ್ಗಿಸಿಯೇ ಬದುಕಿದಳು. ನನಗೆ ಕಿವುಡಿನ ಭಯವಿಲ್ಲ ಶೈಲಾ, ಆ ಬೆರಳಿನ ಭಯ.

ಶೈಲಾ ಅವಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಕೈ ಬಿಡಿಸಿಕೊಂಡು ಹೇಳಿದಳು: ಹುಚ್ಚಿ, ಅವನಿಗೆ ರಕ್ತದ ವಿಷಯ ಹೇಳಿದ್ದೀಯ, ಇದನ್ನು ಹೇಳಿಯೇ ಇಲ್ಲ. ಪರೀಕ್ಷೆಗೆ ಎಲ್ಲರಿಗಿಂತ ಮೊದಲು ನನ್ನ ರಕ್ತವೇ ತಗೋ. ನನ್ನ ಕಿವಿಯಲ್ಲಿ ಏನು ಕೆಟ್ಟಿದೆ ಅಂತ ನನಗೂ ಗೊತ್ತಾಗಲಿ.

ಮರುದಿನ ಅದೇ ಗೇಟಿನಲ್ಲಿ ಸೂರ್ಯಕಾಂತ. ಶರ್ಟಿನ ಮೇಲೆ ಅಂಗಡಿಯ ದಾರದ ಎಳೆಗಳು ಇನ್ನೂ ಅಂಟಿಕೊಂಡಿದ್ದವು.

"ಶೈಲಾ ಎಲ್ಲಾ ಹೇಳಿದ್ಳು. ತಪ್ಪಾತ್ರಿ. ಹಂಗ ನಡುವ ಇಳದು ಹೋಗಬಾರದಿತ್ತು."

"ನಾನೂ ಪೂರಾ ಹೇಳಬೇಕಿತ್ತು."

"ಶೈಲಾ ಹುಟ್ಟಿದಾಗ ನಮ್ಮನ್ಯಾಗ ಯಾರೂ ಯಾರಿಗೂ ಏನೂ ಅನಲಿಲ್ರಿ. ಎಲ್ಲಾರೂ ಕೈಸನ್ನಿ ಕಲತ್ವಿ, ಅಷ್ಟ. ರಿಪೋರ್ಟ್ ಹೆಂಗರೆ ಬರ್ಲಿ. ಯಾರರೆ ನಿಮಗ ಒಂದು ಮಾತು ಅನ್ನೂದಿದ್ರ, ಮೊದಲ ನನಗ ಅಂದು ಮುಂದ ಬರಬೇಕು."

ಅನುರಾಧಾ ಅವನ ತೋಳಿನ ಮೇಲಿದ್ದ ಒಂದು ಹಸಿರು ಎಳೆಯನ್ನು ಮೆಲ್ಲಗೆ ತೆಗೆದಳು. "ಹೂಂ," ಎಂದಳು.

"ಏನು ಹೂಂ?"

"ಮೆಟ್ರೊದಾಗ ಕೇಳಿದ್ರಲ್ಲ, ಅದಕ್ಕ."

"ಮತ್ತ ರಿಪೋರ್ಟು?"

"ಅದು ಬಂದಾಗ ಬರ್ತೈತಿ."

ಆದರೂ ಅದು ಬರುವ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಸೂರ್ಯಕಾಂತ, ಶೈಲಾರ ನಡುವೆ ಕೂತು ಅವಳು ವೈದ್ಯೆಯ ಬಾಗಿಲನ್ನೇ ನೋಡುತ್ತಿದ್ದಳು. ಮೂವರೂ ರಕ್ತ ಕೊಟ್ಟು, ವಿಜಯಪುರದಿಂದ ರಾಹುಲನ ರಕ್ತವೂ ಪರೀಕ್ಷೆಗೆ ಬಂದು ಒಂದೂವರೆ ತಿಂಗಳಾಗಿತ್ತು. ಒಳಗೆ ವೈದ್ಯೆ ಕಾಗದ ಹರಡಿ ವಿವರಿಸುತ್ತಿದ್ದಂತೆ, ಅನುರಾಧಾ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಬೆನ್ನನ್ನು ಕುರ್ಚಿಗೆ ಒರಗಿಸಿ, ಎಷ್ಟೋ ದಿನದ ಉಸಿರನ್ನು ಒಟ್ಟಿಗೇ ಬಿಟ್ಟಳು.

"ಏನಾತ್ರಿ? ಹೇಳ್ರೆಲಾ!"

"ರಾಹುಲಂದು ದಾರ ಕೆಟ್ಟೈತಿ. ಶೈಲಾಂದು ಬಾಗಿಲಾ. ಬ್ಯಾರೆ ಬ್ಯಾರೆ. ಎಲ್ಲಾರಿಗೂ ಇವುಗಳ ಎರಡೆರಡು ಪ್ರತಿ ಇರ್ತಾವ, ಅವ್ವನ ಕಡೆಯಿಂದ ಒಂದು, ಅಪ್ಪನ ಕಡೆಯಿಂದ ಒಂದು; ಎರಡೂ ಕೆಟ್ರಷ್ಟ ಕಿವಿ ಕೇಳ್ಸೂದಿಲ್ಲ. ದಾರದ ಕೆಟ್ಟ ಪ್ರತಿ ಒಂದು ನನ್ನ ಕಡೆ ಐತಿ, ನಿಮ್ಮ ಕಡೆ ಇಲ್ಲ. ಬಾಗಿಲಾದ್ದು ನಿಮ್ಮ ಕಡೆ ಐತಿ, ನನ್ನ ಕಡೆ ಇಲ್ಲ. ನಮ್ಮ ಕೂಸಿಗೆ ಎರಡರದೂ ಒಂದೊಂದು ಛಲೋ ಪ್ರತಿ ಸಿಕ್ಕ ಸಿಗತೈತಿ. ಈ ಎರಡರಿಂದ ಅದಕ್ಕ ಏನೂ ತೊಂದರಿ ಇಲ್ಲ."

'ನಮ್ಮ ಕೂಸು' ಅಂದದ್ದು ಹೇಳಿಯಾದ ಮೇಲೆಯೇ ಅವಳಿಗೆ ತಿಳಿಯಿತು. ಸೂರ್ಯಕಾಂತ ಕೆಳಗೆ ನೋಡುತ್ತಾ ನಗುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಶೈಲಾ ಮಾತ್ರ ಮುಖ ಊದಿಸಿಕೊಂಡು ಸನ್ನೆ ಮಾಡಿದಳು: ಹಾಗಾದರೆ ಅದೂ ನಿಮ್ಮ ಹಾಗೇ ದಿನವಿಡೀ ಬಾಯಿ ಬಡಿದುಕೊಳ್ಳುತ್ತದೆ. ಸನ್ನೆ ನಾನೇ ಕಲಿಸಬೇಕು.

ಹೊರಗೆ ಬಂದವಳೇ ಅನುರಾಧಾ ಅವ್ವನಿಗೆ ಫೋನ್ ಮಾಡಿದಳು.

"ಅವ್ವಾ, ರಾಹುಲನ ರಿಪೋರ್ಟ್ ಬಂತು. ಅಪ್ಪಂದು ಅರ್ಧ, ನಿಂದು ಅರ್ಧ. ಎರಡೂ ಕೂಡಿದ್ರಷ್ಟ ಹಂಗ ಆಗತೈತಿ. ಯಾರ ತಪ್ಪೂ ಅಲ್ಲ. ಕಾಗದದ ಮ್ಯಾಲ ಬರದೈತಿ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸಪ್ಪಳವಷ್ಟೇ ಕೇಳಿಸಿತು.

"ಆ ಕಾಗದ ಜ್ವಾಪಾನ ಇಡವಾ," ಎಂದಳು ಅವ್ವ. "ಬರೂ ಮುಂದ ತಗೊಂಡ್ ಬಾ. ಇನ್ನ ನೀ ಹೇಳಿದ್ದ ಆ ಹುಡುಗನ ಕೈಯಾಗ ಫೋನ್ ಕೊಡು."

ಸೂರ್ಯಕಾಂತ ಕಾಲರ್ ಸರಿಮಾಡಿಕೊಂಡು, ಎರಡು ಸಲ ಗಂಟಲು ಸರಿಪಡಿಸಿಕೊಂಡ. ನಡುರಸ್ತೆಯ ಹಾರ್ನ್‌ಗಳ ನಡುವೆ ಎಲ್ಲರಿಗೂ ಕೇಳಿಸುವಂತೆ ಹೇಳಿದ:

"ಶರಣ್ರಿ ಅತ್ತೀ."