ಖಾಲಿ ಲಿಫ್ಟ್‌ನ ತೂಕ

ದೆವ್ವಗಿವ್ವ ನಂಬುವವನಲ್ಲ ನಾನು. ನವಿ ಮುಂಬಯಿಯ ರಬಾಳೆಯ ಕಂಪನಿಯೊಂದರಲ್ಲಿ ಲಿಫ್ಟ್‌ಗಳಿಗೆ ಕರ್ನಲ್ ಕೋಡ್, ಅಂದರೆ ಯಂತ್ರದೊಡನೆ ನೇರವಾಗಿ ವ್ಯವಹರಿಸುವ ತಳಮಟ್ಟದ ಪ್ರೋಗ್ರಾಂ, ಬರೆಯುತ್ತೇನೆ. ಅದರಲ್ಲಿ ತೂಕದ ಸೆನ್ಸರಿಗೂ ಮೆಮರಿಯಲ್ಲೊಂದು ವಿಳಾಸವಿರುತ್ತದೆ. ಆ ವಿಳಾಸವನ್ನು ಓದಿದರೆ ಲಿಫ್ಟ್‌ನೊಳಗಿನ ಭಾರ ತಿಳಿಯುತ್ತದೆ.

ಮೊನ್ನೆ ಮಧ್ಯಾಹ್ನ ಸಹೋದ್ಯೋಗಿ ನಿಕಿತಾಳ ಜೊತೆ ಠಾಣೆ ಊರಿನ ಘೋಡಬಂದರ್ ರಸ್ತೆಯ ಹೊಸ ಕಟ್ಟಡಕ್ಕೆ ಪರೀಕ್ಷೆಗೆ ಹೋಗಿದ್ದೆ. ಬಾಗಿಲು ತೆರೆದು ನಿಂತಿದ್ದ ಖಾಲಿ ಲಿಫ್ಟ್, ನನ್ನ ಲ್ಯಾಪ್‌ಟಾಪಿನಲ್ಲಿ ನಲವತ್ತೊಂದು ಕಿಲೋ ತೋರಿಸಿತು.

“ಕ್ಯಾಶ್ ಆಫ್ ಮಾಡ್ಲಿಲ್ವಾ ಮಾರಾಯಾ? ಹಳೇ ನಂಬರ್ ಬರ್ತಾ ಉಂಟು,” ಎಂದಳು ನಿಕಿತಾ.

ನಿಜ. ಆ ವಿಳಾಸವನ್ನು ಸಾಮಾನ್ಯ ಮೆಮರಿಯಂತೆ ಬಳಸಿಬಿಟ್ಟಿದ್ದೆ. ಹಾಗಾದರೆ ಪ್ರೊಸೆಸರ್ ಸೆನ್ಸರನ್ನು ಕೇಳುವುದೇ ಇಲ್ಲ, ಕ್ಯಾಶ್ ಎಂಬ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ ಹಿಂದೆ ಎತ್ತಿಟ್ಟುಕೊಂಡ ಅಂಕಿಯನ್ನೇ ಕೊಡುತ್ತದೆ. ತಿದ್ದಿ ಮತ್ತೆ ಓದಿಸಿದೆ. ನಲವತ್ತೊಂದೇ.

ಆಗ ಕಂಡಿತು: ಯಾರೋ ಒಳಗೆ ನಿಂತಂತೆ ಲಿಫ್ಟ್‌ನ ನೆಲ ಹೊಸ್ತಿಲಿಗಿಂತ ಕೊಂಚ ತಗ್ಗಿತ್ತು. ಫ್ಯಾನ್ ನಿಂತಿದ್ದರೂ ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು.

“ರುಕ್, ನಾನೇ ನಿಂತು ನೋಡ್ತೇನೆ.” ನಿಕಿತಾ ಒಳಗೆ ಕಾಲಿಟ್ಟಳು.

“ತೊಂಬತ್ತೊಂಬತ್ತು,” ಎಂದೆ.

“ನಂದು ಐವತ್ತೆಂಟು. ಲೆಕ್ಕ ಸರಿಯೇ ಉಂಟಲ್ಲ?” ಎನ್ನುತ್ತ ಹೊರಬಂದಳು.

ಅವಳ ಬೆನ್ನ ಹಿಂದೆ ಲಿಫ್ಟ್‌ನ ನೆಲ ಕಿರ್ರೆಂದು ಹೊಸ್ತಿಲಿನ ಸಮಕ್ಕೆ ಎದ್ದಿತು. ಪರದೆಯ ಮೇಲೆ ಸೊನ್ನೆ.

ಲ್ಯಾಪ್‌ಟಾಪ್ ಮುಚ್ಚಿ, “ಈಗ ಸರಿಯಾಯ್ತು” ಎಂದಷ್ಟೇ ಹೇಳಿದೆ.

ಸಂಜೆ ಠಾಣೆಯಿಂದಲೇ ಹೊರಡುವ ಲೋಕಲ್ ರೈಲು ಹಿಡಿದೆವು. ನಿಕಿತಾಳಿಗೆ ಕಿಟಕಿ ಸೀಟು ಸಿಕ್ಕಿತು, ನಾನು ನಿಂತೆ. ಕಾಲಿಡಲೂ ಜಾಗವಿಲ್ಲದ ಡಬ್ಬಿಯಲ್ಲಿ ಅವಳ ಪಕ್ಕದ ಸೀಟು ಡೊಂಬಿವಲಿಯವರೆಗೂ ಖಾಲಿಯೇ ಇತ್ತು. ಕೂರಲು ಬಂದ ಮುದುಕರೊಬ್ಬರು ಆ ಖಾಲಿ ಸೀಟನ್ನು ನೋಡಿ, “ಸಾರಿ ಬೇಟಾ” ಎಂದು ಹಿಂದೆ ಸರಿದರು.