'ಒದ್ದೆ ಚಪ್ಪಲಿ' ಬ್ಯಾಂಡಿನ ಬೀರು

"ನಿಲ್ಸು, ನಿಲ್ಸು! ಅಲ್ಲೇ ನಿಲ್ಸು!"

ಚಿನಕುರಳಿ ಕೂಗಿದ ಜೋರಿಗೆ ಪಾರ್ಟ್ನರ್ ಕೈಲಿದ್ದ ರಿಮೋಟ್ ಜಾರಿತು. ವಿಡಿಯೊ ನಿಲ್ಲುವ ಬದಲು ಹಿಂದಕ್ಕೆ ಓಡಿತು. ಟೀವಿಯೊಳಗೆ ಉದ್ದ ಕೂದಲಿನ ಮೂವರು ಹಿಂದುಮುಂದಾಗಿ ಕುಪ್ಪಳಿಸಿದರು. ಅವರಲ್ಲಿ ಒಬ್ಬರು ಚಿನಕುರಳಿಯ ಅಪ್ಪ! ಈಗ ಅವರದು ಬೋಳುತಲೆ, ಬಡಗಿ ಕೆಲಸ, ಕಿವಿಯ ಮೇಲೊಂದು ಪೆನ್ಸಿಲ್. ಆಗ ಭುಜದ ಕೆಳಗಿನವರೆಗೂ ಕೂದಲು, ಕೈಯಲ್ಲಿ ಗಿಟಾರ್. ರಾಕ್ ಬ್ಯಾಂಡಿನ ಹೆಸರು 'ಒದ್ದೆ ಚಪ್ಪಲಿ'.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಚಿನಕುರಳಿಗೆ ಬಿಕ್ಕಳಿಕೆ ಬಂತು.

ಅವಳ ಬಾಯಿ ಒಂದು ನಿಮಿಷವೂ ಸುಮ್ಮನಿರುತ್ತಿರಲಿಲ್ಲ. ಅದಕ್ಕೇ ಮನೆಯಲ್ಲೂ ಶಾಲೆಯಲ್ಲೂ ಅವಳಿಗೆ ಆ ಹೆಸರು. ಪಾರ್ಟ್ನರ್ ಅದಕ್ಕೆ ಪೂರ್ತಿ ಉಲ್ಟಾ. ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ, ಕ್ಲಾಸಿನವರು ಅವಳನ್ನು 'ಮ್ಯೂಟ್' ಎಂದು ಕರೆಯುತ್ತಿದ್ದರು. ಚಿನಕುರಳಿ ಮಾತ್ರ 'ಪಾರ್ಟ್ನರ್' ಎನ್ನುತ್ತಿದ್ದಳು.

"ನೋಡೇ, ಆ ಬೀರು!"

ಸ್ಟೇಜಿನ ನಟ್ಟನಡುವೆ ದೊಡ್ಡದೊಂದು ಮರದ ಬೀರು ನಿಂತಿತ್ತು. ಅದರೊಳಗಿಂದ ಡ್ರಮ್ ಸದ್ದು ಬರುತ್ತಿತ್ತು. ಧಡ್ ಧಡಾ ಧಡ್! ಬಾರಿಸುವವರು ಕಾಣಿಸುತ್ತಿರಲಿಲ್ಲ. ಮೊದಲ ಶೋನಲ್ಲಿ ಬೀರುವಿನ ಬಾಗಿಲು ಪೂರ್ತಿ ಮುಚ್ಚಿತ್ತು. ಎರಡನೆಯದರಲ್ಲಿ ನಾಲ್ಕು ಬೆರಳಷ್ಟು ತೆರೆದಿತ್ತು. ಮೂರನೆಯದರಲ್ಲಿ ಅರ್ಧ ತೆರೆದು, ಕೋಲು ಹಿಡಿದ ಒಂದು ಕೈ ಕಾಣಿಸಿತು. ವಿಡಿಯೊ ಇದ್ದದ್ದು ಅಷ್ಟೇ. ಪ್ರತಿ ಶೋ ಮುಗಿದಾಗಲೂ ಹಾಡುಗಾರ ಜನರಿಗೆ ಬೆನ್ನು ಹಾಕಿ ಬೀರುವಿಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ.

ವಿಡಿಯೊ ಡಬ್ಬಿಯಲ್ಲಿ ಪೇಪರಿನ ಹಳೇ ತುಂಡೂ ಸಿಕ್ಕಿತ್ತು. 'ಈ ಬೀರು ಆಧುನಿಕ ಮನುಷ್ಯನ ಮುಚ್ಚಿದ ಮನಸ್ಸಿನ ಸಂಕೇತ' ಎಂದು ಅದರಲ್ಲಿ ಬರೆದಿತ್ತು. ಚಿನಕುರಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಮೈ ಜುಮ್ಮೆಂದಿತು. 'ಗುಪ್ತ ಅರ್ಥಗಳು, ಬೇರೆಯವರು ಮುಟ್ಟಕೂಡದು' ಎಂಬ ನೋಟ್‌ಬುಕ್ ಶುರುವಾದದ್ದೇ ಆಗ. ಬೀರು ಅಂದರೆ ಭೂಮಿ. ಅಲ್ಲಲ್ಲ, ಬಾಹ್ಯಾಕಾಶ ನೌಕೆ. ಒಳಗಿರುವುದು ದೆವ್ವ. ಅಥವಾ ಡ್ರಮ್ ಕಲಿತ ಕರಡಿ! ಎರಡೇ ದಿನದಲ್ಲಿ ಹದಿನಾಲ್ಕು ಅರ್ಥಗಳಾದವು.

"ಹ್ಯಾಂಡಲ್ ಇಲ್ಲ," ಎಂದಳು ಪಾರ್ಟ್ನರ್ ಮೆಲ್ಲಗೆ, ಮತ್ತೆ ವಿಡಿಯೊ ಹಾಕಿದಾಗ.

"ಹದಿನೈದು! ಒಳಗಿರೋದು ಭವಿಷ್ಯದಿಂದ ಬಂದಿರೋ ರೋಬೋಟ್!"

"ಬೀರುಗೆ ಹ್ಯಾಂಡಲ್..."

"ಸೂಪರ್ ಅಲ್ವಾ? ಶುಕ್ರವಾರ ಕ್ಲಾಸಲ್ಲಿ ಎಲ್ರೂ ಬಾಯ್ಬಿಟ್ಕೊಂಡು ನೋಡ್ಬೇಕು!"

ಶುಕ್ರವಾರ ಎಂದದ್ದೇ ತಡ, ಪಾರ್ಟ್ನರ್ ಮುಖ ಚಿಕ್ಕದಾಯಿತು. 'ಹಳೇ ಕಲೆ, ಹೊಸ ಕಣ್ಣು' ಪ್ರಾಜೆಕ್ಟನ್ನು ಅವತ್ತು ಎಲ್ಲರ ಮುಂದೆ ಹೇಳಬೇಕಿತ್ತು. "ಇಬ್ರೂ ಮಾತಾಡ್ಬೇಕು. ಒಬ್ರೇ ಮಾತಾಡಿದ್ರೆ ಅದು ಅರ್ಧ ಪ್ರಾಜೆಕ್ಟ್," ಎಂದು ಮಿಸ್ ಖಡಾಖಂಡಿತವಾಗಿ ಹೇಳಿದ್ದರು. ಹೋದ ಸಲ ಪಾರ್ಟ್ನರ್ ಬೋರ್ಡಿನ ಮುಂದೆ ನಿಂತು, ಬಾಯಿ ತೆರೆದು, ಏನೂ ಬಾರದೆ ಅಳುತ್ತಾ ಹೊರಗೆ ಓಡಿದ್ದಳು.

"ಅಯ್ಯೋ, ನಾನಿದೀನಲ್ಲ! ಮಾತಾಡೋದು ನಾನು ಕಲಿಸ್ತೀನಿ," ಎಂದಳು ಚಿನಕುರಳಿ.

ಕಲಿಸಲು ಮರುದಿನವೇ ಅವಕಾಶ ಸಿಕ್ಕಿತು. 'ಒದ್ದೆ ಚಪ್ಪಲಿ'ಯ ಹಾಡುಗಾರ ಈಗ ಹಲ್ಲಿನ ಡಾಕ್ಟರು. ಚಿನಕುರಳಿಯ ದವಡೆ ಹಲ್ಲಿಗೆ ಹುಳುಕು. ಅವಳು ಖುಷಿಖುಷಿಯಾಗಿ ಹಲ್ಲು ತೋರಿಸಲು ಹೋದದ್ದು ಜೀವನದಲ್ಲಿ ಅದೇ ಮೊದಲು. ಪಾರ್ಟ್ನರನ್ನೂ ಎಳೆದುಕೊಂಡು ಹೋದಳು.

"ಬೀರು ಅಂದ್ರೆ ಬ್ರಹ್ಮಾಂಡ ಕಣಮ್ಮಾ!" ಎಂದರು ಡಾಕ್ಟರು ಕನ್ನಡಿ ಹಿಡಿದು. "ಬಾಯಿ ತೆಗಿ. ಡ್ರಮ್ ಅಂದ್ರೆ ಅದರ ಎದೆಬಡಿತ! ಇನ್ನೂ ಅಗಲ. ಭೇಷ್!"

"ಆಹೊಹಹೆ ಯಾಹು?" ಎಂದಳು ಚಿನಕುರಳಿ. ಅದರೊಳಗೆ ಯಾರು ಎಂದು ಅವಳು ಕೇಳಿದ್ದು. ಬಾಯಿ ತುಂಬ ಹತ್ತಿ ಇತ್ತು.

"ಅದು ಗುಟ್ಟು," ಎಂದು ಕಣ್ಣು ಮಿಟುಕಿಸಿ, ಡಾಕ್ಟರು ಪಾರ್ಟ್ನರ್ ಕಡೆ ತಿರುಗಿದರು. "ನಿನಗೇನನ್ಸುತ್ತೆ ಪುಟ್ಟಿ?"

ಪಾರ್ಟ್ನರ್ ತುಟಿ ಸ್ವಲ್ಪ ಅಲುಗಿತು. ಅಷ್ಟರಲ್ಲಿ ಚಿನಕುರಳಿ ಕುರ್ಚಿಯಿಂದಲೇ ಮೊಣಕೈಯಲ್ಲಿ ತಿವಿದಳು. "ಹೇಹು! ಹೇಹೇ! ಹೋರಾಗಿ ಹೇಹು!"

ನರ್ಸಮ್ಮ ನಕ್ಕರು, ಡಾಕ್ಟರೂ ನಕ್ಕರು. ಪಾರ್ಟ್ನರ್ ಕಿವಿಯೆಲ್ಲ ಕೆಂಪಾಗಿ, ಬಾಗಿಲು ತಳ್ಳಿಕೊಂಡು ಹೊರಗೆ ಹೋದಳು.

ಆಮೇಲೆ ಮೆಟ್ಟಿಲ ಮೇಲೆ ಕುಳಿತು, ಚಪ್ಪಲಿ ನೋಡುತ್ತಾ ಹೇಳಿದಳು. "ನನ್ನ ಕೈಲಿ ಆಗಲ್ಲ ಕಣೇ. ನಾನಿದ್ರೆ ನಿನ್ನ ಪ್ರಾಜೆಕ್ಟ್ ಹಾಳಾಗುತ್ತೆ. ಮಿಸ್‌ಗೆ ಹೇಳಿ ಬೇರೆ ಪಾರ್ಟ್ನರ್ ತಗೋ."

ಬೇರೆ ಪಾರ್ಟ್ನರಾ? ಚಿನಕುರಳಿಯ ಬೇಡದ ಮಾತನ್ನೆಲ್ಲ ಇನ್ಯಾರು ಅಷ್ಟು ತಾಳ್ಮೆಯಿಂದ ಕೇಳುತ್ತಾರೆ? ಏನಾದರೂ ಹೇಳೋಣವೆಂದರೆ ಹಲ್ಲಿನ ಮದ್ದಿಗೆ ಅರ್ಧ ಬಾಯಿ ಮರಗಟ್ಟಿತ್ತು. ಸುಮ್ಮನೆ ಮನೆಗೆ ನಡೆದಳು. ಸುಮ್ಮನೆ ನಡೆದಾಗಲೇ ಪಾರ್ಟ್ನರ್ ಹೇಳಿದ್ದ ಆ ಮಾತು ನೆನಪಾಯಿತು. ಹ್ಯಾಂಡಲ್ ಇಲ್ಲ.

ಅಪ್ಪ ಮನೆಯ ಮುಂದಿನ ವರ್ಕ್‌ಶಾಪಿನಲ್ಲಿ ಹಲಗೆ ಉಜ್ಜುತ್ತಿದ್ದರು. ಅತ್ತೆ ಆಗಷ್ಟೇ ಈಜುಕೊಳದಿಂದ ಬಂದು ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದಳು. ಅಪ್ಪನ ತಂಗಿಯಾದ ಅತ್ತೆ ಈಜು ಕೋಚ್. ಅವಳ ಗಂಟಲಿಗೆ ಸೀಟಿಯ ಅಗತ್ಯವೇ ಇಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು.

"ಅಪ್ಪಾ, ಸ್ಟೇಜ್ ಮೇಲಿನ ಆ ಬೀರು ನೀನೇ ಮಾಡಿದ್ದಲ್ವಾ? ಹ್ಯಾಂಡಲ್ ಹಾಕೋಕೆ ಮರೆತಿದ್ಯಾ?"

"ಮರೆಯೋದಾ? ನಾನಾ?" ಅಪ್ಪನಿಗೆ ಸಿಟ್ಟೇ ಬಂತು. "ಇಷ್ಟು ವರ್ಷದಲ್ಲಿ ಒಂದು ಸ್ಕ್ರೂ ಮರೆತವನಲ್ಲ ನಾನು! ಒಳಗಡೆ ಹಾಕಿದೀನಿ."

"ಒಳಗಡೆನಾ? ಬೀರುಗೆ ಯಾರಾದ್ರೂ ಒಳಗಡೆ ಹ್ಯಾಂಡಲ್ ಹಾಕ್ತಾರಾ?"

ಅಪ್ಪ ನಾಲಿಗೆ ಕಚ್ಚಿಕೊಂಡು ಅತ್ತೆಯ ಕಡೆ ನೋಡಿದರು. ಅತ್ತೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಟವೆಲ್ಲು ಗಡಗಡ ಅಲುಗತೊಡಗಿತು. ಅತ್ತೆ ನಗುತ್ತಿದ್ದಳು.

"ಅತ್ತೇ! ನೀನಾ? ಕರಡಿ ನೀನಾ?"

"ಕರಡಿನೋ? ಯಾರೇ ಕರಡಿ?" ಎಂದು ಅತ್ತೆ ಗುಡುಗಿದಳು. ಮತ್ತೆ ಬಿದ್ದು ಬಿದ್ದು ನಕ್ಕಳು. "ಹೂಂ ಕಣೇ, ನಾನೇ. ಮನೇಲಿ ಚೆನ್ನಾಗಿ ಬಾರಿಸ್ತಿದ್ದೆ. ಜನರ ಮುಂದೆ ಅಂದ್ರೆ ಕೈಕಾಲು ತಣ್ಣಗಾಗ್ತಿತ್ತು. ಮೊದಲ ಶೋಗೆ ಬರಲ್ಲ ಅಂತ ಮಂಚದ ಕೆಳಗೆ ಸೇರ್ಕೊಂಡಿದ್ದೆ. ಆಗ ಅಣ್ಣ ಆ ಬೀರು ಮಾಡ್ಕೊಟ್ಟ. ಗಾಳಿ ಬರ್ಲಿ ಅಂತ ಹಿಂದುಗಡೆ ಹಲಗೆ ಹೊಡೆದಿರ್ಲಿಲ್ಲ."

"ನಿಂಗೆ ಭಯಾನಾ? ನೀನು ಕೂಗಿದ್ರೆ ಕೊಳದ ನೀರೇ ಅಲ್ಲಾಡುತ್ತೆ!"

"ಆಗ ನಾನು ನಿನ್ನ ಪಾರ್ಟ್ನರಿಗಿಂತ ಮೆತ್ತಗಿದ್ದೆ."

"ಮತ್ತೆ ಬ್ರಹ್ಮಾಂಡ? ಆಧುನಿಕ ಮನುಷ್ಯ?"

"ಪೇಪರ್‌ನವರು ಒಬ್ಬೊಬ್ರು ಒಂದೊಂದು ಬರೆದ್ರು, ನಾವು ಓದಿ ಓದಿ ನಕ್ವಿ. ನಮ್ಮ ಹಾಡುಗಾರನಂತೂ ಅದನ್ನೇ ಬಾಯಿಪಾಠ ಮಾಡ್ಕೊಂಡ!"

ಚಿನಕುರಳಿ ಮರದ ಹೊಟ್ಟಿನ ಮೇಲೆ ಕುಸಿದು ಕುಳಿತಳು. ಹದಿನೈದು ಅರ್ಥಗಳೂ ನೀರಲ್ಲಿ ಹೋಮ! ಬಹಳ ಬೇಜಾರಾಯಿತು. ಆದರೂ ಕೇಳಿದಳು. "ಹ್ಯಾಂಡಲ್ ಯಾಕೆ ಒಳಗಡೆ?"

"ಹೊರಗಿದ್ರೆ ಯಾರಾದ್ರೂ ಎಳೀತಿದ್ರಲ್ಲ," ಎಂದರು ಅಪ್ಪ.

"ಬಾಗಿಲು ತೆಗಿ ಅಂತ ಒಬ್ರೂ ಒಂದು ದಿನಾನೂ ನಂಗೆ ಹೇಳ್ಲಿಲ್ಲ," ಎಂದಳು ಅತ್ತೆ. ಈ ಸಲ ಅವಳ ದನಿ ಜೋರಾಗಿರಲಿಲ್ಲ. "ನಾಲ್ಕನೇ ಶೋಗೆ ನಾನೇ ಬೀರು ಬೇಡ ಅಂದೆ."

ಚಿನಕುರಳಿ ತನ್ನ ಮೊಣಕೈಯನ್ನು ನೋಡಿಕೊಂಡಳು. ಕ್ಲಿನಿಕ್ಕಿನಲ್ಲಿ ತಿವಿದದ್ದು ಅದೇ ಮೊಣಕೈ. ಆಮೇಲೆ ಎದ್ದು ನಿಂತಳು.

"ಅತ್ತೇ, ಈ ಗುಟ್ಟನ್ನ ಕ್ಲಾಸಲ್ಲಿ ಹೇಳ್ಬಹುದಾ? ಅಪ್ಪಾ, ಒಂದು ಹ್ಯಾಂಡಲ್ ಕೊಡ್ತೀಯಾ?"

ಶುಕ್ರವಾರ ಬೆಳಿಗ್ಗೆ ಪಾರ್ಟ್ನರ್ ಮನೆಯ ಮುಂದೆ ಅಪ್ಪನ ಗಾಡಿ ನಿಂತಿತು. ಮೇಲೆ ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. ಅದಕ್ಕೆ ಬೀರುವಿನಂತೆ ಕಂದು ಬಣ್ಣ ಬಳಿದು, ಒಂದು ಬಾಗಿಲು ಕೊಯ್ದಿತ್ತು. ಚಿನಕುರಳಿ ಬೀರುವಿನ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ನೀನು ಹ್ಯಾಂಡಲ್ ಇಲ್ಲ ಅಂದಾಗ ನಾನು ಕೇಳಿಸ್ಕೊಳ್ಳಲಿಲ್ಲ. ಸಾರಿ. ಇದಕ್ಕೂ ಹೊರಗಡೆ ಹ್ಯಾಂಡಲ್ ಇಲ್ಲ. ಬೇಕಿದ್ರೆ ಬಾ, ಬೇಡ ಅಂದ್ರೆ ಬೇಡ."

ಪಾರ್ಟ್ನರ್ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿದಳು. ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಆಮೇಲೆ ಕಿಸಕ್ಕನೆ ನಗು ಕೇಳಿಸಿತು.

ಕ್ಲಾಸಿನಲ್ಲಿ ಪೆಟ್ಟಿಗೆ ಕಂಡು ಮಿಸ್ ಕನ್ನಡಕ ಮೇಲೆ ಮಾಡಿದರು. "ಇದೇನ್ರೇ ಇದು? ಮ್ಯೂಟ್... ಅಂದ್ರೆ, ನಿನ್ನ ಜೊತೆಯವಳು ಎಲ್ಲಿ?"

ಚಿನಕುರಳಿ ಪೆಟ್ಟಿಗೆಯತ್ತ ಬೆರಳು ತೋರಿಸಿದಳು. ಕ್ಲಾಸೇ ಗೊಳ್ಳೆಂದಿತು. "ತೆಗಿ! ತೆಗಿ!" ಎಂದು ಹಿಂದಿನ ಬೆಂಚಿನವರು ಡೆಸ್ಕ್ ಬಡಿದರು. ಒಬ್ಬ ಓಡಿ ಬಂದು ಬಾಗಿಲು ತಡಕಾಡಿದ. "ಎಲ್ಲಿಂದ ಎಳೀಬೇಕು ಇದನ್ನ?" ಎಂದು ಪೆಚ್ಚಾದ.

ಚಿನಕುರಳಿಯ ನಾಲಿಗೆ ತುರಿಸುತ್ತಿತ್ತು. ಶುರು ಮಾಡೇ ಎಂದು ಕೂಗಬೇಕೆನಿಸಿತು. ಪೆಟ್ಟಿಗೆಗೆ ಒಂದು ಗುದ್ದು ಕೊಡಬೇಕೆನಿಸಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಬಿಗಿ ಹಿಡಿದು ನಿಂತಳು. ಮುಖ ಟೊಮ್ಯಾಟೊ ಆಯಿತು.

ಟಕ್. ಟಕ್ ಟಕಾ ಟಕ್. ಒಳಗಿಂದ ಯಾರೋ ರಟ್ಟು ಬಾರಿಸಿದರು. ಕ್ಲಾಸು ಗಪ್‌ಚುಪ್ಪಾಯಿತು.

"ಬೀರುಗೆ ಹ್ಯಾಂಡಲ್ ಇರ್ಲಿಲ್ಲ," ಎಂದಿತು ಪೆಟ್ಟಿಗೆ.

ಮೊದಮೊದಲು ದನಿ ತೀರ ಸಣ್ಣಗಿತ್ತು. ಮುಂದಿನ ಬೆಂಚಿನವರು ಕಿವಿಗೆ ಕೈಯಾನಿಸಿಕೊಂಡರು. ಭೂಮಿ, ದೆವ್ವ, ಕರಡಿಯ ಸರದಿ ಬರುವಷ್ಟರಲ್ಲಿ ಅದು ಹಿಂದಿನ ಬೆಂಚಿಗೂ ಕೇಳಿಸುತ್ತಿತ್ತು. ಹಲ್ಲಿನ ಡಾಕ್ಟರ ಬ್ರಹ್ಮಾಂಡ ಬಂದಾಗ ಮಿಸ್ಸೇ ಮೇಜಿಗೆ ಒರಗಿ ನಕ್ಕರು. ಮಂಚದ ಕೆಳಗಿನ ಅತ್ತೆಯ ಕತೆ ಬಂದಾಗ ಒಬ್ಬರೂ ನಗಲಿಲ್ಲ. ಬಾಗಿಲು ಮೆಲ್ಲಗೆ ಅಲುಗಿತು. ನಾಲ್ಕು ಬೆರಳಷ್ಟು ತೆರೆಯಿತು.

"ಭೇಷ್!" ಎಂದರು ಮಿಸ್ ಚಪ್ಪಾಳೆ ನಿಂತ ಮೇಲೆ. ಆಮೇಲೆ ಚಿನಕುರಳಿಯ ಕಡೆ ತಿರುಗಿದರು. "ಆದ್ರೆ ನೀನು ಬಾಯೇ ಬಿಡ್ಲಿಲ್ವಲ್ಲೇ! ಇಬ್ರೂ ಮಾತಾಡ್ಬೇಕು ಅಂದಿದ್ದೆ. ನಿನ್ನ ಭಾಗ ಎಲ್ಲಿ?"

ಚಿನಕುರಳಿ ಕಣ್ಣು ಕಣ್ಣು ಬಿಟ್ಟಳು. ಹೌದಲ್ಲ! ಅವಳಿಗೆ ಮಾತಾಡುವುದೇ ಮರೆತುಹೋಗಿತ್ತು! ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪೆಟ್ಟಿಗೆಯೇ ಉತ್ತರಿಸಿತು.

"ಅವಳ ಭಾಗ ಒಳಗಿದೆ ಮಿಸ್. ಹ್ಯಾಂಡಲ್. ಅವಳೇ ಹಾಕಿದ್ದು. ತೋರಿಸ್ಲಾ?"

ಹ್ಯಾಂಡಲ್ ತೋರಿಸಬೇಕೆಂದರೆ ಬಾಗಿಲು ತೆರೆಯಲೇಬೇಕು. ಚಿನಕುರಳಿ ಬೆನ್ನ ಹಿಂದಿನ ಕೈಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟು ಹೊತ್ತಾದರೂ ಕಾಯಬಹುದು ಎಂದು ಅವಳಿಗೆ ಅನ್ನಿಸಿತು.

ಬಾಗಿಲು ಪೂರ್ತಿ ತೆರೆಯಿತು.