ಮಾವ ಕೊಟ್ಟ ಪೆಟ್ಟಿಗೆ

"ನಿಮ್ಮ ಮಾವ ಕೊಡೋ ಹಳೇ ರೇಡಿಯೊ ಪೆಟ್ಟಿಗೆಯೊಳಗೆ ಒಂದು ತಾಮ್ರದ ಸುರುಳಿ ಇದೆ. ಅದನ್ನ ಬಿಚ್ಚಿ ಸುಟ್ಟುಬಿಡು. ಮಿಕ್ಕಿದ್ದನ್ನ ಏನು ಬೇಕಾದ್ರೂ ಮಾಡ್ಕೋ," ಎಂದಳು ಅತ್ತೆ. ಪಕ್ಕದ ಕೋಣೆಯಲ್ಲಿದ್ದ ಗಂಡನಿಗೆ ಕೇಳಿಸಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಮೈಕು ನಕ್ಕುಬಿಟ್ಟ. ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ದಿನವಿಡೀ ಹೇಳುವ ಕೆಲಸ ಅವನದು. ಅಡ್ಡಹೆಸರು ಅಂಟಿಕೊಂಡದ್ದೂ ಅಲ್ಲಿಯೇ. ಅವನು ಬಾಯಿಬಿಟ್ಟರೆ ಗೊರಕೆ ಹೊಡೆಯುತ್ತಿದ್ದ ಡ್ರೈವರುಗಳೂ ಗಡಬಡಿಸಿ ಎದ್ದು ಕೂರುತ್ತಿದ್ದರು.

"ಯಾಕತ್ತೆ, ದೆವ್ವ ಏನಾದ್ರೂ ಬಾಡಿಗೆಗಿದೆಯಾ?"

"ನಿಮ್ಮ ಮಾವನ ದನಿ ಇದೆ." "ಅದನ್ನ ಕಟ್ಟಿದೋನು ಉಗ್ಗುತ್ತಿದ್ದನಂತೆ. ಜೊತೆಯವರು ರೇಡಿಯೊದಲ್ಲೇ ಅಣಕಿಸಿ ಅಣಕಿಸಿ ಅಳಿಸಿದ್ರು. ಅವನು ಮಾಟ ಮಾಡಿಸಿ, ತನ್ನ ಕೂದಲನ್ನ ಆ ಸುರುಳಿಗೆ ಸುತ್ತಿಟ್ಟು ಹೋದ. ಅದನ್ನ ರಿಪೇರಿ ಮಾಡಿ ಯಾರು ಮಾತಾಡ್ತಾರೋ ಅವರ ದನಿ ಅದರ ಪಾಲು. ಬೇಡ ಕಣೋ."

"ಮಾವನ ಗಂಟಲಿನ ನರ ಸತ್ತಿದೆ ಅಂತ ಡಾಕ್ಟರೇ ಹೇಳಿದಾರೆ. ನೀವು ನರಕ್ಕೂ ಮಾಟಕ್ಕೂ ಗಂಟು ಹಾಕ್ತೀರಲ್ಲ!"

ಅಷ್ಟರಲ್ಲಿ ಮಾವ ಪೆಟ್ಟಿಗೆಯನ್ನು ಎದೆಗವುಚಿಕೊಂಡು ಬಂದ. ಅತ್ತೆ ಗೋಡೆಗೆ ಸರಿದು ನಿಂತಳು. ಮಾವ ಸೋದರಳಿಯನ ಅಂಗೈ ಹಿಡಿದು ಬೆರಳಿನಿಂದ ತಟ್ಟಿದ. ಮೋರ್ಸ್ ಸಂಕೇತ. ಅವನ ಮಾತೆಲ್ಲ ಅದರಲ್ಲಿಯೇ. *ಇದು ನಿನಗೇ.* ಅವನ ಕಣ್ಣು ತುಂಬಿ ಬಂದಿತ್ತು. ಅದು ಪ್ರೀತಿಯ ನೀರೆಂದು ಮೈಕು ನಂಬಿದ. ಪಾಪ, ನಂಬದೆ ಏನು ಮಾಡಿಯಾನು? ಅಪ್ಪನ ಮುಖ ಕಾಣದ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ರೇಡಿಯೊ ಕಟ್ಟಲು ಕಲಿಸಿದವನು ಈ ಮೂಕ ಮಾವನೇ. ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿದರೆ ಇಂದಿಗೂ ಮೈಕುವಿಗೆ ಮಾವನ ಅಂಗಿಯ ನೆನಪಾಗುತ್ತಿತ್ತು. ಗುಜರಿಯ ತಂತಿ, ಒಡೆದ ರೇಡಿಯೊದ ಗಾಜಿನ ವಾಲ್ವು ಸೇರಿಸಿ ಅವರಿಬ್ಬರೂ ಕಟ್ಟಿದ ಮೊದಲ ಯಂತ್ರದಲ್ಲಿ ಎಲ್ಲೋ ಸಮುದ್ರದಾಚೆಯವನೊಬ್ಬ ತನ್ನೂರಿನಲ್ಲಿ ಚಳಿ ಎಂದು ಹೇಳಿದ್ದ. ಆ ಸಂತೋಷಕ್ಕೆ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಮಾವ ಎರಡು ಮಾತು ಕಲಿಸಿದ್ದ. ಹಳೆಯ ಯಂತ್ರದಲ್ಲಿ ಇದ್ದದ್ದು ಇದ್ದಂತೆಯೇ ಇರಬೇಕು. ಜೀವ ಬಂದ ಯಂತ್ರದ ಮೊದಲ ಕರೆ ಕಲಿಸಿದವನಿಗೆ ಹೋಗಬೇಕು, ಅದೂ ಬಾಯಿಮಾತಿನಲ್ಲಿ.

ಮನೆಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಮೈಕು ಕೆಲಸಕ್ಕೆ ಕೂತ. ಹಳೆಯ ಕೆಪಾಸಿಟರುಗಳ ಹೊಟ್ಟೆ ಬಗೆದು, ಹೊಸವನ್ನು ಒಳಗಿಟ್ಟು, ಅದೇ ಹಳೆಯ ಮೇಣದಿಂದ ಬಾಯಿ ಮುಚ್ಚಿದ. ನೋಡಿದವರಿಗೆ ಹೊಸತೆಂದು ತಿಳಿಯಬಾರದು, ಅದೇ ಅವನ ಹೆಮ್ಮೆ. ಕೊನೆಗೆ ಸುರುಳಿ ಕೈಗೆ ಬಂತು. ಯಾರೋ ಅದನ್ನು ಇಕ್ಕುಳದಿಂದ ಕತ್ತರಿಸಿದ್ದರು. ತಾಮ್ರದ ಎಳೆಯ ಜೊತೆಜೊತೆಗೇ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು. ನಡುನಡುವೆ ಕಪ್ಪು ದಾರದ ಗಂಟುಗಳು. ಇಲಿ ಸತ್ತು ಒಣಗಿದ ವಾಸನೆ.

ಅವನ ಕೈ ಒಂದು ಗಳಿಗೆ ತಡೆಯಿತು. ಅತ್ತೆ ಹೇಳಿದ್ದರಲ್ಲಿ ಕೂದಲೆಳೆಯಷ್ಟು ನಿಜವಿದೆ ಎಂದುಕೊಂಡು ತನ್ನ ಹಾಸ್ಯಕ್ಕೆ ತಾನೇ ನಕ್ಕ. ಬೇರೆ ಯಾರಾದರೂ ಆಗಿದ್ದರೆ ಅದನ್ನೆಲ್ಲ ಕಿತ್ತು ಬಿಸಾಕಿ ಹೊಸ ತಂತಿ ಸುತ್ತುತ್ತಿದ್ದರು. ಇವನು ಮಾವನ ಶಿಷ್ಯ. ತಾಮ್ರವನ್ನು ಬೆಸೆದು, ಕೂದಲನ್ನೂ ಇದ್ದ ಹಾಗೆಯೇ ಸುತ್ತಿದ. ಒಂದು ಸುತ್ತಿಗೆ ಕೂದಲು ಸಾಲಲಿಲ್ಲ. ಸರಿ, ತನ್ನ ತಲೆಯಿಂದಲೇ ಒಂದು ಕಿತ್ತು ಗಂಟು ಹಾಕಿ ಪೂರ್ತಿ ಮಾಡಿದ. ಅಚ್ಚುಕಟ್ಟಾಗಿತ್ತು.

ರಜೆಯ ದಿನ ಸಂಜೆ, ಅಮ್ಮ ಆ ಕೋಣೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಳು. ಅವಳಿಗೆ ಕಣ್ಣು ಕಾಣುವುದಿಲ್ಲ. ಮಗ ಎಲ್ಲಿದ್ದಾನೆಂದು ಅವಳಿಗೆ ತಿಳಿಯುವುದು ದನಿಯಿಂದ. ನಿಲ್ದಾಣದ ಧ್ವನಿವರ್ಧಕ ಮನೆಯವರೆಗೂ ಕೇಳುತ್ತಿತ್ತು. ಮಗ ಮುಂದಿನ ಬಸ್ಸಿನ ಹೆಸರು ಹೇಳಿದರೆ ಇವಳು ಅಡುಗೆಮನೆಯಿಂದಲೇ "ಹೂಂ" ಅನ್ನುತ್ತಿದ್ದಳು. ತಮ್ಮ ಮತ್ತು ಮಗನ ಟಕಟಕ ಭಾಷೆ ಮಾತ್ರ ಅವಳು ಕಲಿಯಲಿಲ್ಲ. "ಬಾಯಿದ್ದೋನು ಬಾಯಲ್ಲಿ ಮಾತಾಡಪ್ಪ," ಎಂದು ಮಗನ ಬೆರಳನ್ನು ಸರಿಸಿಬಿಡುತ್ತಿದ್ದಳು.

ಮಾವ ತನ್ನ ಮನೆಯಲ್ಲಿ ಇನ್ನೊಂದು ಯಂತ್ರದ ಮುಂದೆ ಕಾದಿದ್ದ. ಮೈಕು ಸ್ವಿಚ್ಚು ಹಾಕಿದ. ವಾಲ್ವುಗಳು ನಿಧಾನವಾಗಿ ಕೆಂಪಾದವು. ಬಿಸಿಯಾದ ಧೂಳಿನ ವಾಸನೆ ಎದ್ದಿತು, ಅದರ ಹಿಂದೆಯೇ ಸುಟ್ಟ ಕೂದಲಿನ ವಾಸನೆ. ಗೋಡೆಯ ದೀಪ ಕುಗ್ಗಿತು.

"ಮಾವಾ, ಮೈಕು ಮಾತಾಡ್ತಿದೀನಿ. ಮೊದಲ ಕರೆ ನಿಮಗೇ. ಕೇಳಿಸ್ತಿದೆಯಾ?"

ಕೊನೆಯ ಪದಕ್ಕೆ ಗಂಟಲಿನಿಂದ ಏನೋ ಜಾರಿತು. ನೋವಿಲ್ಲ. ತಣ್ಣಗೆ. ಯಾರೋ ಒಳಗಿನಿಂದ ದಾರ ಎಳೆದಂತೆ. ದೀಪ ಆರಿತು. ವಾಲ್ವುಗಳ ಕೆಂಪು ಮಾತ್ರ ಉಳಿಯಿತು. ಅವನು ಕೆಮ್ಮಿದ. ಸದ್ದಿಲ್ಲ. ಕೂಗಿದ. ಸದ್ದಿಲ್ಲ.

ಪೆಟ್ಟಿಗೆ ಕರಕರ ಎಂದಿತು. ಆಚೆ ಕಡೆಯಿಂದ ಒಂದು ಗಂಡುದನಿ ಬಂತು. ಮೈಕುವಿಗೆ ಅದರ ಪರಿಚಯವಿರಲಿಲ್ಲ.

"ಕೇಳಿಸ್ತಿದೆ ಕಣೋ."

"ಅಯ್ಯೋ, ನನ್ನ ತಮ್ಮ!" ಅಮ್ಮ ಎದ್ದೇಬಿಟ್ಟಳು. "ಅವನದೇ ದನಿ! ಬಾಯಿ ಬಂತೇನೋ? ಮಾತಾಡೋ ಮಗಾ, ಕೇಳೋ ಅವನನ್ನ!"

"ಕ್ಷಮಿಸಿಬಿಡು," ಎಂದಿತು ಮಾವನ ದನಿ, ಹೊಸ್ತಿಲಿಗೆ ಕೇಳಿಸದಷ್ಟು ತಗ್ಗಿ. ಅದು ಅಳುತ್ತಿತ್ತು, ಅಳುತ್ತಲೇ ತನ್ನ ಸದ್ದನ್ನು ತಾನೇ ಸವಿಯುತ್ತಿತ್ತು. "ಒಂದು ದನಿ ಒಳಗೆ ಹೋದ್ರೇನೇ ಇನ್ನೊಂದು ಹೊರಗೆ ಬರೋದು. ನನ್ನ ದನಿ ಅದರೊಳಗೆ ಒದರೋದನ್ನ ಕೇಳಲಾರದೆ ನಾನೇ ಸುರುಳಿ ಕತ್ತರಿಸಿದ್ದೆ. ಒಂದು ಸುತ್ತು ಕೂದಲನ್ನೂ ಬೇಕಂತಲೇ ಕಿತ್ತಿಟ್ಟೆ. ಸಾಲದಿದ್ರೆ ನೀನು ನಿಂದೇ ಸೇರಿಸ್ತೀಯ ಅಂತ ಗೊತ್ತಿತ್ತು. ನಾನೇ ಕಲಿಸಿದ್ದಲ್ವಾ."

ಮೈಕುವಿನ ಎದೆ ಒಡೆಯಿತು. ದನಿ ಹೋದದ್ದಕ್ಕಿಂತ ಅದು ಹೋದ ದಾರಿಗೆ. ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದನ್ನೇ ಹಗ್ಗ ಮಾಡಿ ಕುತ್ತಿಗೆಗೆ ಹಾಕಿದ್ದ ಮಾವ. ಮೈಕು ಉಗುರಿನಿಂದ ಪೆಟ್ಟಿಗೆಯ ಮೈಕಿನ ಮೇಲೆ ಕುಟ್ಟಿದ. *ಅಮ್ಮನಿಗೆ ಕಣ್ಣಿಲ್ಲ ಮಾವಾ. ನನ್ನ ದನಿ ಬಿಟ್ಟರೆ ಅವಳಿಗೆ ಏನಿದೆ?*



"ಗೊತ್ತು ಕಣೋ," ಎಂದಿತು ದನಿ. ಆಮೇಲೆ ಆಚೆ ಕಡೆ ಸ್ವಿಚ್ಚು ಆರಿಸಿದ ಸದ್ದು.

ವಾಲ್ವುಗಳ ಕೆಂಪು ಮಬ್ಬು. ಅಮ್ಮ ಗೋಡೆ ತಡವುತ್ತ ಒಳಗೆ ಬಂದಳು. "ಯಾಕೋ ಸುಮ್ಮನಾದೆ? ಏನಂದ ಅವನು?" ಮೈಕು ಓಡಿಹೋಗಿ ಅವಳ ಕೈ ಹಿಡಿದ. ತನ್ನ ಕೆನ್ನೆಗೆ ಒತ್ತಿಕೊಂಡ. ಅವಳ ಬೆರಳುಗಳು ಅವನ ಹುಬ್ಬು, ಮೂಗು, ಒದ್ದೆ ಕೆನ್ನೆಯ ಮೇಲೆ ಹರಿದವು. ಅವಳ ಮುಖ ಅರಳತೊಡಗಿತು. "ನೀನೇನಾ—"

"ಅಮ್ಮಾ," ಎಂದಿತು ಪೆಟ್ಟಿಗೆ.

ಅವನದೇ ದನಿ. ಅದೇ ಗತ್ತು. ಅದೇ ನಗು. ಅಮ್ಮ ತಟ್ಟನೆ ಕೈ ಕಿತ್ತುಕೊಂಡಳು.

ಅವನು ವಯರು ಕಿತ್ತೆಸೆದ. ವಾಲ್ವುಗಳು ಆರಲಿಲ್ಲ. "ಅಮ್ಮಾ, ಇಲ್ಲಿದೀನಿ ನಾನು." ಇಕ್ಕುಳ ತಡಕಿದ. ಸಿಕ್ಕಿತು. ಅದರ ಬಾಯನ್ನು ಸುರುಳಿಗೆ ಹಚ್ಚಿದ. ಒಂದು ಅದುಮು ಸಾಕು. ಅದುಮಿದರೆ ಪೆಟ್ಟಿಗೆ ಸುಮ್ಮನಾಗುತ್ತದೆ. ಅಮ್ಮನ ಪಾಲಿಗೆ ಮಗನೂ ಸುಮ್ಮನಾಗುತ್ತಾನೆ, ಎಂದೆಂದಿಗೂ. ಅವನು ಹಿಡಿತ ಬಿಟ್ಟ. ಇಕ್ಕುಳ ಕೆಳಗೆ ಬಿತ್ತು.

ಆ ಸದ್ದಿಗೆ ಅಮ್ಮ ಬೆಚ್ಚಿದಳು. ಪೆಟ್ಟಿಗೆಯನ್ನು ತಡಕಿ, ಎರಡೂ ಕೈಯಿಂದ ತಬ್ಬಿಕೊಂಡು, ಅದರ ಬಿಸಿ ಜಾಲರಿಗೆ ಬಾಯಿಯಿಟ್ಟು ಪಿಸುಗುಟ್ಟಿದಳು.

"ಯಾರೋ ಒಳಗೆ ಬಂದಿದಾರೆ ಕಣೋ. ಅಳ್ತಾರೆ, ಮಾತಾಡಲ್ಲ. ನನಗೆ ಭಯ ಆಗ್ತಿದೆ, ಹೊರಗೆ ಕಳಿಸು."

"ಹೆದರ್ಕೋಬೇಡಮ್ಮ," ಎಂದಿತು ಮೈಕುವಿನ ದನಿ. "ನಾನಿದೀನಲ್ಲ."